ಬಣ್ಣದ ಕಣ್ಣು ನಂಬಿ ಕೆಡಿಸಿದ ಬಫರ್

ಇಪ್ಪತ್ತು ವರ್ಷ ಆತು, ಬಾಗಲಕೋಟಿ ದವಾಖಾನಿ ಲ್ಯಾಬಿನ್ಯಾಗ ನಿಂತು ನಿಂತು ಕಾಲು ಸೋತು ಹೋಗ್ಯಾವ. ಕಿಡ್ನಿಯಿಂದ ತಗದ ಅಕ್ಕಿಕಾಳಿನಷ್ಟು ತುಣುಕನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕ ತಯಾರು ಮಾಡಿ ಕಳಸೋದು ನನ್ನ ಕೆಲಸ. ತಗದ ಕೂಡ್ಲೇ ಅದನ್ನ ಬಫರಿನ್ಯಾಗ ಕಲಸಿದ, ಕೆಡದಂಗ ಕಾಯೋ ಔಷಧದಾಗ ಇಡಬೇಕು. ಬಫರ್ ಅಂದ್ರ ಮತ್ತೇನಲ್ಲ, ಹುಳಿ ಏರದಂಗ, ಇಳಿಯದಂಗ ತಡಿಯೋ ಉಪ್ಪಿನ ನೀರು. ಹುಳಿ ಅಳತಿ ಏಳು ಪಾಯಿಂಟ್ ನಾಕಕ್ಕ ನಿಂತ್ರ ಜೀವಕೋಶ ಇದ್ದಂಗ ಇರ್ತಾವ, ತಪ್ಪಿದ್ರ ಕೆಡತಾವ.

ನಾ ಇಳಕಲ್ಲಿನ ಬಣ್ಣ ಹಾಕೋರ ಮನಿ ಮಗಳು. ನಮ್ಮಪ್ಪ ನೂಲು ಎತ್ತಿ ಹಿಡಿದ್ರ ಸಾಕು, ಬಣ್ಣ ನೋಡೇ "ಇನ್ನೊಂದು ಸಲ ಅದ್ದಪಾ" ಅಂತಿದ್ದೆ. ಆ ಸೊಕ್ಕು ಇನ್ನೂ ಇಳಿದಿರಲಿಲ್ಲ. ಆವತ್ತಿನ ಮೂರನೇ ಬಯಾಪ್ಸಿ, ಸೂಜಿಲೆ ತುಣುಕು ತಗಿಯೋದು. ಹುಳಿ ಅಳಿಯೋ ಮೀಟರ್ ಖರೆ ಹೇಳತೈತೋ ಇಲ್ಲೋ ಅಂತ ಮೊದಲ ಪರೀಕ್ಷಾ ಮಾಡಬೇಕು, ಅರ್ಧ ತಾಸಿನ ರಗಳಿ. ಯಾರಿಗೆ ಬೇಕು ಅಂತ ಹುಳಿಗೆ ಬಣ್ಣ ಬದಲಾಗೋ ಕಾಗದ ಬಫರಿನ್ಯಾಗ ಅದ್ದಿ, ಟ್ಯೂಬಲೈಟಿಗೆ ಹಿಡಿದು, "ಬರೋಬ್ಬರಿ ಐತಿ" ಅಂದೆ.

ಆ ತುಣುಕು ಇಳಕಲ್ಲಿನ ಒಬ್ಬ ನೇಕಾರ ಹೆಣ್ಣಮಗಳದು. ಮುಖ, ಕಾಲು ಬಾತಿದ್ವು. ಯಾವ ಔಷಧ ಕೊಡಬೇಕು ಅನ್ನೋದು ಆ ವರದಿ ಮ್ಯಾಲೆ ನಿಂತಿತ್ತು. "ನಮ್ಮೂರ ಹುಡುಗಿ ಕೈಯಾಗೈತಿ, ಚಿಂತಿಲ್ಲ" ಅಂತ ಗಂಡಗ ಹೇಳಿದ್ದಳು.

ವಾರದ ಮ್ಯಾಲೆ ವರದಿ ಬಂತು: ಕೋಶ ಉಬ್ಬಿ ಒಡದಾವ, ಏನೂ ಹೇಳಾಕ ಬರಂಗಿಲ್ಲ. ಉಳಿದ ಬಫರಿಗೆ ಮೀಟರ್ ಹಚ್ಚಿದೆ. ಆರೂವರಿ! ಮಾಡಿದ್ದುಣ್ಣೋ ಮಹರಾಯ. ಖರೆ ಅಂದ್ರ ಉಣ್ಣೋದು ಆಕಿ, ಇನ್ನೊಮ್ಮೆ ಬೆನ್ನಿಗೆ ಸೂಜಿ.

ತುಣುಕು ಸಾಲಲಿಲ್ಲ ಅಂದುಬಿಟ್ರ ಮುಗೀತಿತ್ತು. ನಾಲಿಗಿ ತುದಿಗೂ ಬಂತು. ಆದ್ರ ಆಕಿ ಬಂದು ಎದುರಿಗೆ ಕುಂತು, "ಏನ್ ಬಂತವಾ?" ಅಂತ ಕೇಳಿದಾಗ ಆಗಲಿಲ್ಲ.

"ಯವ್ವಾ, ನೀರು ನಾ ಕೆಡಿಸೀನಿ. ಇನ್ನೊಮ್ಮೆ ಚುಚ್ಚಬೇಕು."

ಆಕಿ ಬೆನ್ನು ಮುಟ್ಟಿಕೊಂಡಳು. "ಬಣ್ಣ ಕೆಟ್ರ ನೂಲು ಮತ್ತ ಅದ್ದತೇವಿ. ನನ್ನ ಬೆನ್ನು ನೂಲೇನ?"

ನಾಚಿಕಿ ಆತು, ಅತ್ತೂ ಬಿಟ್ಟೆ. ಅಳು ನೋಡಿ ಆಕಿಗೆ ಇನ್ನೂ ಸಿಟ್ಟು ಬಂತು.

"ಅಳಾಕ ಆಮ್ಯಾಲೆ ಟೈಮ್ ಐತಿ. ಮೊದಲ ನೀರು ಮಾಡು, ನನ್ನ ಎದುರಿಗೇ."

ಸ್ಟೂಲ್ ಹಾಕಿದೆ, ಕುಂತಳು. ಅರ್ಧ ತಾಸು ಮೀಟರ್ ಪರೀಕ್ಷಾ ಮಾಡಿದೆ, ಏಳು ಪಾಯಿಂಟ್ ನಾಕು ಬರಬೇಕು ಅಂತ ಹೇಳಿ ಬಫರ್ ಕಲಸಿದೆ. "ಏಳು ಪಾಯಿಂಟ್..." ಅನ್ನೋದ್ರಾಗ ಕೈ ಎತ್ತಿ ತಡದಳು.

"ನೀ ಹೇಳಬ್ಯಾಡ."

ಚಾಳೀಸು ಮೂಗಿಗೆ ಏರಿಸಿ, ಬಾಗಿ, ಮೀಟರಿನ ಅಂಕಿ ತಾನ ಓದಿದಳು: "ಏಳು ಪಾಯಿಂಟ್ ನಾಕು." ಆಮ್ಯಾಲೆ ಸೆರಗು ಸೊಂಟಕ್ಕ ಸಿಗಿಸಿ ಸೂಜಿ ಖೋಲಿ ಕಡೆ ನನಗಿಂತ ಮುಂದ ನಡದಳು.