ಚಿಕ್ಕಪ್ಪನ ಕರುಣೆಯ ಕಣ್ಣು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಡಾಕ್ಟರ ಕೋಣೆಗೆ ಹಸಿರು ಪರದೆ ಇತ್ತೆಂದು ಬರೆಯಹೊರಟೆ. ಅದು ನಮ್ಮ ಕಾಲೇಜಿನದೂ ಇರಬಹುದು. ಮೊನ್ನೆ ಕನ್ನಡಕದಂಗಡಿಯ ಹುಡುಗಿ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಅಷ್ಟಕ್ಕೇ ಅರವತ್ತರ ದಶಕದ ಜಯನಗರ ನೆನಪಾಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಚಿಕ್ಕಮ್ಮ ಎಂದರೆ ಅಮ್ಮನ ಕೊನೆಯ ತಂಗಿ. ಅವಳ ಮಗ ನಾಗು ಹುಟ್ಟುವಾಗಲೇ ಕೆನ್ನೆಮೂಳೆ ತಗ್ಗು, ಕಿವಿ ಮುದುಡಿದ ಮೊಗ್ಗು, ಕಣ್ಣಿನ ಹೊರತುದಿ ಕೆಳಕ್ಕೆ ಜಾರಿತ್ತು. ಅವಳ ಅತ್ತೆ ಕಾರಣಕ್ಕಾಗಿ ತಡಕಾಡಲಿಲ್ಲ. "ಗ್ರಹಣದ ಹೊತ್ತಲ್ಲಿ ಬದನೆಕಾಯಿ ಹೆಚ್ಚಿದ್ಲು ಮಹಾರಾಯ್ತಿ. ಕೂಸಿನ ಕಿವಿ ಹೋಯ್ತು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ವಿಜ್ಞಾನ ಓದಿದ ನಾನೂ ಮುಂದೆ ಬಸುರಿಯಾಗಿದ್ದಾಗ ಗ್ರಹಣದ ದಿನ ಈಳಿಗೆಮಣೆ ಮುಟ್ಟಲಿಲ್ಲ. ಓದು ಬೆರಳಿನವರೆಗೆ ಇಳಿಯುವುದಿಲ್ಲವೋ ಏನೋ.

ನಾಗು ನಡೆಯಲು ಕಲಿತ ಮೇಲೆ ಚಿಕ್ಕಪ್ಪ, ಚಿಕ್ಕಮ್ಮ ಅವನನ್ನು ದೊಡ್ಡ ಡಾಕ್ಟರಿಗೆ ತೋರಿಸಲು ಹೊರಟರು. ಕಾಲೇಜಿಗೆ ರಜೆ, ನಾನೂ ಹೋದೆ. ಹೊರಗಿನ ಬೆಂಚಿನಲ್ಲಿ ತಿಲಕ್ ನಗರದ ಮುಸ್ಲಿಂ ಹೆಂಗಸೊಬ್ಬಳು ಮಗಳೊಂದಿಗೆ ಕೂತಿದ್ದಳು. ಆ ಹುಡುಗಿ ನಾಗುವಿನ ಒಡಹುಟ್ಟಿದ ಅಕ್ಕನಂತಿದ್ದಳು.

"ನಿಮಗೂ ಗ್ರಹಣಾನಾ?" ಚಿಕ್ಕಮ್ಮ ಮೆಲ್ಲಗೆ ಕೇಳಿದಳು.

"ನಮ್ಮತ್ತೆ ಹಂಗೇ ಅಂತಾರೆ ಅಕ್ಕಾ. ನಾನು ಕತ್ತರಿ ಹಿಡ್ದಿದ್ನಂತೆ. ನಂಗೆ ನೆನಪೇ ಇಲ್ಲ."

"ನಾವು ಮರೆತ್ರೂ ಅತ್ತೇರು ಮರೆಯಲ್ಲ ಬಿಡಿ!"

ಇಬ್ಬರೂ ನಕ್ಕರು. ಆ ವರ್ಷಗಳಲ್ಲಿ ಚಿಕ್ಕಮ್ಮ ನಕ್ಕದ್ದು ಬೇರೆ ನೆನಪಿಲ್ಲ.

ಡಾಕ್ಟರು ದಪ್ಪ ಪುಸ್ತಕ ತೆರೆದರು. ಚಿತ್ರಗಳಲ್ಲೆಲ್ಲ ಬಿಳಿಯ ಮಕ್ಕಳು. "ನಮ್ಮ ಜನದಲ್ಲಿ ಇದು ಎಷ್ಟಿದೆ ಅಂತ ಯಾರೂ ಸರಿಯಾಗಿ ನೋಡಿಲ್ಲಮ್ಮ. ಒಂದೊಂದು ಜನಾಂಗಕ್ಕೆ ಒಂದೊಂದು ಮುಖದ ಅಚ್ಚು. ಅದರಲ್ಲಿ ಇದೂ ಬೇರೆ ಥರ ಕಾಣತ್ತೆ. ಎಷ್ಟೋ ಸಲ ಕಾಣೋದೇ ಇಲ್ಲ" ಎನ್ನುತ್ತ ಚಿಕ್ಕಪ್ಪನ ಗದ್ದ ಹಿಡಿದು ಕಿಟಕಿಯತ್ತ ತಿರುಗಿಸಿದರು. ಕೆಳರೆಪ್ಪೆಯ ಅಂಚಿನಲ್ಲಿ ಮೂಗಿನ ಕಡೆಗೆ ಕೂದಲೇ ಇರಲಿಲ್ಲ, ಥೇಟ್ ನಾಗುವಿನ ಹಾಗೆ. ತುಸುವೇ ಜಾರಿದ ಆ ಕಣ್ಣುಗಳನ್ನು ಅವರ ತಾಯಿ "ನನ್ನ ಮಗಂದು ಕರುಣೆಯ ಕಣ್ಣು" ಎಂದು ಹೊಗಳುತ್ತಿದ್ದರು.

"ಇದು ನಿಮ್ಮಿಂದ ಬಂದಿರೋದು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ."

ಬಸ್ಸು ಹಿಡಿದು ಮನೆ ತಲುಪಿದರೆ ಬಾಗಿಲಲ್ಲೇ ಅತ್ತೆ: "ಏನಂದ್ರೋ ಡಾಕ್ಟ್ರು?"

ಚಿಕ್ಕಪ್ಪ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು. ಚಪ್ಪಲಿ ಬಿಚ್ಚಲು ಅಷ್ಟು ಹೊತ್ತು ಬೇಡ. ಚಿಕ್ಕಮ್ಮ ಅವರನ್ನೇ ನೋಡಿದಳು. ಆಮೇಲೆ ತಾನೇ, "ಏನೂ ಮಾಡಕ್ಕಾಗಲ್ವಂತೆ" ಎಂದಳು. ಅತ್ತೆ ಮತ್ತೆ ಬದನೆಕಾಯಿಗೆ ಬಂದರು. ಅವರು ಸಾಯುವವರೆಗೂ ಮನೆಯ ಬಸುರಿಯರಿಗೆಲ್ಲ ಚಿಕ್ಕಮ್ಮನ ಕಡೆಗೇ ಬೆರಳು ತೋರಿಸಿ ಬುದ್ಧಿ ಹೇಳಿದರು. ಅವಳು ಅಲ್ಲೇ ಕೂತು ಕೇಳುತ್ತಿದ್ದಳು.

ಅವಳಿಗೆ ಬಾಯಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಚಿಕ್ಕಪ್ಪನೂ ಹೋಗಿ ಬಹಳ ಕಾಲವಾಯಿತು. ಕನ್ನಡಕದಂಗಡಿಯಿಂದ ನೇರ ಜೆ.ಪಿ. ನಗರಕ್ಕೆ, ಚಿಕ್ಕಮ್ಮನ ಮನೆಗೆ ಹೋದೆ. ಕಿವಿಯ ಮೆಷಿನ್ನು ಸರಿಮಾಡಿಕೊಳ್ಳುತ್ತ ನಾಗುವೇ ಬಾಗಿಲು ತೆಗೆದ. ಅವನು ಒಳಗೆ ಹೋದ ಮೇಲೆ ಕೇಳಿದೆ.

"ಚಿಕ್ಕಮ್ಮಾ, ಅವತ್ತು ಬಾಗಿಲಲ್ಲಿ, ಚಿಕ್ಕಪ್ಪ ಹೇಳ್ತಾರೆ ಅಂತ ಕಾದಿದ್ಯಾ?"