ಹತ್ತನೇ ಕ್ಲಾಸಿನ ಚುಚ್ಚುಮದ್ದು

ಭದ್ರಾವತಿಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಏಳು ವರ್ಷ ಸಿಸ್ಟರ್ ಆಗಿದ್ದೆ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ಸರ್ಕಾರದ ಕಾಗದದಲ್ಲಿ ನನ್ನ ಹುದ್ದೆಯ ಹೆಸರು ಬದಲಾಯಿತು; ಜನ ಮಾತ್ರ ಸಿಸ್ಟರ್ ಎಂದೇ ಕರೆಯುತ್ತಿದ್ದರು.

ಹಸುಗೂಸುಗಳಿಗೆ ಲಸಿಕೆ ಹಾಕುವುದು ನನಗೆ ಯಾವತ್ತೂ ಕಷ್ಟವೆನಿಸಿದ್ದಿಲ್ಲ. ತಾಯಂದಿರು ತಾವೇ ಕಾರ್ಡು ಹಿಡಿದು ಬರುತ್ತಾರೆ, ಮಗು ಅತ್ತರೆ ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಕಷ್ಟವಿದ್ದದ್ದು ದೊಡ್ಡ ಮಕ್ಕಳದು. ಧನುರ್ವಾಯು, ಗಂಟಲುಮಾರಿ ಬರದ ಹಾಗೆ ಹತ್ತನೇ ವಯಸ್ಸಿಗೊಂದು, ಹದಿನಾರಕ್ಕೊಂದು ಟಿ.ಡಿ. ಚುಚ್ಚುಮದ್ದು ಕೊಡಬೇಕು. ಆದರೆ ಮಗಳು ಅಮ್ಮನ ಎತ್ತರಕ್ಕೆ ಬೆಳೆದ ಮೇಲೆ ಲಸಿಕೆ ಎಂಬುದೇ ಮನೆಯವರಿಗೆ ಮರೆತುಹೋಗಿರುತ್ತದೆ. ಕಾರ್ಡು ಬೀರುವಿನ ತಳ ಸೇರಿರುತ್ತದೆ. ಹಾಗಾಗಿ ನಾವೇ ಶಾಲೆಗಳಿಗೆ ಹೋಗುತ್ತಿದ್ದೆವು.

ಆ ದಿನ ಹೋಗಿದ್ದು ಹೆಣ್ಣುಮಕ್ಕಳ ಒಂದು ಹೈಸ್ಕೂಲಿಗೆ. ಹತ್ತನೇ ಕ್ಲಾಸಿನವರಿಗೆ ಮಧ್ಯಾಹ್ನ ಪರೀಕ್ಷೆ ಇತ್ತು. "ಮೊದಲನೇ ಪೀರಿಯಡ್ಡಲ್ಲೇ ಮುಗಿಸಿಬಿಡಿ ಸಿಸ್ಟರ್," ಎಂದರು ಹೆಡ್ ಮೇಡಂ. ನನಗೂ ಇನ್ನೊಂದು ಶಾಲೆ ಬಾಕಿಯಿತ್ತು. ಹೂಂ ಅಂದೆ. ಮಕ್ಕಳಿಗೆ ಊಟವಾದ ಮೇಲೆ ಕೊಡಬೇಕು, ಒಬ್ಬರಿಗೆ ಕೊಡುವುದು ಇನ್ನೊಬ್ಬರಿಗೆ ಕಾಣಬಾರದು, ಕೊಟ್ಟ ಮೇಲೆ ಬೇರೆ ಕಡೆ ಅರ್ಧ ಗಂಟೆ ಕೂರಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಬೇರೆಯವರಿಗೆ ಹೇಳಿಕೊಟ್ಟವಳೂ ನಾನೇ. ಆದರೂ ವರಾಂಡದ ತುದಿಯಲ್ಲಿ ಮೇಜು ಹಾಕಿಸಿ, ಬಿಸಿಲಲ್ಲಿ ಪ್ರಾರ್ಥನೆ ಮುಗಿಸಿ ಬಂದ ಹುಡುಗಿಯರನ್ನು ಹಾಗೇ ಸಾಲಾಗಿ ನಿಲ್ಲಿಸಿದೆ. ದೂರದಿಂದ ಬರುವವರಲ್ಲಿ ಎಷ್ಟೋ ಜನ ತಿಂಡಿ ತಿಂದಿರಲಿಲ್ಲ. ಚುಚ್ಚಿಸಿಕೊಂಡವರು ತೋಳು ಒತ್ತಿಕೊಂಡು ಬಂದು ಅದೇ ಸಾಲಿನ ಪಕ್ಕ ನಿಂತು, ಎಷ್ಟು ನೋಯಿತು ಎಂದು ಗೆಳತಿಯರಿಗೆ ವರ್ಣಿಸುತ್ತಿದ್ದರು.

ಏಳೋ ಎಂಟೋ ಜನಕ್ಕೆ ಕೊಟ್ಟಿದ್ದೆ. ಪಕ್ಕದಲ್ಲಿ ದೊಪ್ಪೆಂದು ಶಬ್ದವಾಯಿತು. ತಿರುಗಿ ನೋಡಿದರೆ ಎರಡು ಜಡೆಯ ತೆಳ್ಳಗಿನ ಹುಡುಗಿಯೊಬ್ಬಳು ನೆಲದ ಮೇಲೆ ಬಿದ್ದಿದ್ದಳು. ಕಾಲು ಮೇಲೆತ್ತಿ ಮಲಗಿಸಿದೆ, ನಾಡಿ ಹಿಡಿದೆ. ಒಂದೇ ನಿಮಿಷಕ್ಕೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಅವಳನ್ನು ನೋಡಿದ ಇನ್ನೊಬ್ಬಳು ಗೋಡೆಗೆ ಒರಗಿ ಜಾರಿದಳು. ಮತ್ತೊಬ್ಬಳು ಉಸಿರು ಕಟ್ಟುತ್ತಿದೆ ಎಂದು ಅತ್ತಳು. ನೋಡನೋಡುತ್ತ ವರಾಂಡದ ತುಂಬ ಹುಡುಗಿಯರು ಕೂತಿದ್ದರು, ಮಲಗಿದ್ದರು. ಡಾಕ್ಟರು ಬಂದು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಹಸಿವು, ಹೆದರಿಕೆ, ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ತಲೆಸುತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಎಲ್ಲರೂ ಎದ್ದು ಕೂತರು.

ಆದರೆ ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಅಪ್ಪ ಅಮ್ಮಂದಿರು ಸೇರಿದ್ದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಮಧ್ಯಾಹ್ನದೊಳಗೆ ಅದು ಶಿವಮೊಗ್ಗದಲ್ಲಿ ನನ್ನ ನಾದಿನಿಯ ಮೊಬೈಲಿಗೂ ಬಂದಿತ್ತು. ಅದರಲ್ಲಿ ನನ್ನ ಬೆನ್ನು ಕಾಣುತ್ತಿತ್ತು, ಮುಖವಿರಲಿಲ್ಲ. "ಯಾವೂರಲ್ಲೇ ಇದು?" ಎಂದು ಫೋನು ಮಾಡಿ ಕೇಳಿದಳು. ನಮ್ಮದೇ ಎಂದೆ.

ಸಂಜೆ ವರದಿ ಬರೆದೆ. ಹೆದರಿಕೆಯಿಂದ ತಲೆಸುತ್ತು ಬಂದಿದೆ, ಎಲ್ಲರೂ ಆರೋಗ್ಯವಾಗಿದ್ದಾರೆ, ಲಸಿಕೆಯಲ್ಲಿ ದೋಷವಿಲ್ಲ. ಬರೆದದ್ದೆಲ್ಲ ನಿಜವೇ. ಹುಡುಗಿಯರನ್ನು ಬರಿಹೊಟ್ಟೆಯಲ್ಲಿ ನಿಲ್ಲಿಸಿದ್ದನ್ನು ಮಾತ್ರ ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲಿನ ತಿಂಗಳುಗಳಲ್ಲಿ ಶಾಲೆಗೆ ಕಳಿಸಿದ ಒಪ್ಪಿಗೆ ಪತ್ರಗಳು ಸಹಿಯಿಲ್ಲದೆ ವಾಪಸ್ ಬಂದವು. ಕೆಲವರು ಹಿಂಬದಿಯಲ್ಲಿ 'ಬೇಡ' ಎಂದು ಬರೆದಿದ್ದರು. ಅಕ್ಕಪಕ್ಕದ ಶಾಲೆಗಳಲ್ಲೂ ಅದೇ ಕಥೆ. ನಮ್ಮ ಆಶಾ ಕಾರ್ಯಕರ್ತೆ ನನಗಿಂತ ಹಿರಿಯರು, ಹಳೇ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಎರಡೂ ಅವರಿಗೆ ಸಲೀಸು. ಬೀದಿಯ ಮಾತನ್ನು ಅವರೇ ತಂದು ಹೇಳುತ್ತಿದ್ದರು. ಸೂಜಿಗೆ ಮಾತ್ರ ಅವರ ಬಾಯಲ್ಲಿ ತಮಿಳಿನ 'ಊಸಿ'ಯೇ.

"ಅಯ್ಯೋ ಮಾರಾಯ್ರೇ, ಆ ಊಸಿ ಹಾಕಿಸ್ಕೊಂಡ್ರೆ ಮುಂದೆ ಮಕ್ಕಳಾಗಲ್ವಂತೆ. ನಮ್ ಓಣಿ ಅಜ್ಜಿ ಹೇಳ್ತಿದ್ದಾರೆ."

"ನೀವೇನಂದ್ರಿ ಅಕ್ಕಾ?"

"ನಾನೂ ಹಾಕಿಸ್ಕೊಂಡಿದೀನಿ, ಮೂರು ಹೆತ್ತಿದೀನಿ ಅಂದೆ. ಅದು ಬೇರೆ ಊಸಿ, ಇದು ಬೇರೆ ಅಂತಾರೆ."

ನಾವು ಏನೇನೋ ಮಾಡಿದೆವು. ಆಟೋಗೆ ಮೈಕು ಕಟ್ಟಿ ಹೊಸಮನೆ, ಹಳೇನಗರ ಸುತ್ತಿಸಿದೆವು. ಭಿತ್ತಿಪತ್ರ ಅಂಟಿಸಿದೆವು. ಜನ ಓದಿ ಮುಂದೆ ಹೋಗುತ್ತಿದ್ದರು. ಅವರು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ: ಆ ಹುಡುಗಿ ಯಾಕೆ ಬಿದ್ದಳು? ಭಿತ್ತಿಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಒಂದು ಶನಿವಾರ ಆ ಹುಡುಗಿಯ ಮನೆಗೇ ಹೋದೆ. ಆಶಾ ಅಕ್ಕ ಜೊತೆಗಿದ್ದರು. ಅವಳ ಅಪ್ಪ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು. ಬಾಗಿಲಲ್ಲೇ ನಿಂತು ಮಾತಾಡಿದರು. ಜೋರು ಮಾಡಲಿಲ್ಲ.

"ನಮ್ ಮಗಳು ಒಂದು ವಾರ ಶಾಲೆಗೆ ಹೋಗ್ಲಿಲ್ಲ ಸಿಸ್ಟರ್. ಬೀದಿಯಲ್ಲಿ ಎಲ್ರೂ ಬಂದು ನೋಡ್ಕಂಡು ಹೋದ್ರು, ಏನಾಗಿದೆ ಅಂತ. ಮದುವೆ ಆಗ್ಬೇಕಾದ ಹುಡುಗಿ. ನೀವೀಗ ಬಂದು ಏನೂ ಆಗಿಲ್ಲ ಅಂದ್ರೆ ಯಾರು ಕೇಳ್ತಾರೆ? ಹೋಗ್ಬನ್ನಿ."

ನಾವು ಹೊರಟೆವು. ಓಣಿಯ ತಿರುವಿನಲ್ಲಿ ಆ ಹುಡುಗಿ ಹಿಂದಿನಿಂದ ಓಡಿಬಂದಳು. ಕೈಯಲ್ಲಿ ನೀರಿನ ಬಿಂದಿಗೆಯಿತ್ತು, ನೀರಿಗೆಂದು ಹೇಳಿ ಬಂದಿರಬೇಕು.

"ಸಿಸ್ಟರ್, ನಂಗೆ ಇಂಜೆಕ್ಷನ್ ಕೊಟ್ಟೇ ಇಲ್ವಲ್ಲ."

ನನಗೆ ಅರ್ಥವಾಗಲಿಲ್ಲ. "ಯಾವಾಗ?"

"ಅವತ್ತು. ನಾನಿನ್ನೂ ಲೈನಲ್ಲಿದ್ದೆ. ನನ್ ಮುಂದೆ ನಾಲ್ಕು ಜನ ಇದ್ರು. ಸೂಜಿ ನೋಡಿದ್ದಷ್ಟೇ ನೆನಪು."

"ಮನೇಲಿ ಹೇಳ್ಲಿಲ್ವಾ?"

"ಹೇಳಿದೆ. ಪ್ರಜ್ಞೆ ಇರ್ಲಿಲ್ಲ, ನಿಂಗೇನು ಗೊತ್ತು ಅಂತಾರೆ. ಬೇರೆ ಯಾರೂ ನನ್ನ ಕೇಳ್ಲೇ ಇಲ್ಲ ಸಿಸ್ಟರ್. ನೀವೂ ಕೇಳ್ಲಿಲ್ಲ."

ಕೇಂದ್ರಕ್ಕೆ ಬಂದು ರಿಜಿಸ್ಟರ್ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ ಗುರುತು ಇರಲಿಲ್ಲ. ಅವತ್ತು ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಾನು ಚುಚ್ಚಿರಲೇ ಇಲ್ಲ. ಈ ಪುಟ ತಿಂಗಳುಗಟ್ಟಲೆ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಚುಚ್ಚಿಸಿಕೊಂಡವರೂ ಚುಚ್ಚಿಸಿಕೊಳ್ಳದವರೂ ಒಂದೇ ವರಾಂಡದಲ್ಲಿ ಬೆರೆತು ನಿಂತಿದ್ದರಿಂದ, ಬಿದ್ದವರೆಲ್ಲ ಚುಚ್ಚಿಸಿಕೊಂಡವರೇ ಎಂದು ಊರು ನಂಬಿತ್ತು. ನಾನೂ ನಂಬಿದ್ದೆ. ನಾಚಿಕೆಯೆನಿಸಿತು. ಆದರೆ ಆಗಲೂ ತಕ್ಷಣ ಏನು ಮಾಡಬೇಕೆಂದು ಹೊಳೆಯಲಿಲ್ಲ. ರಿಜಿಸ್ಟರ್ ಹಿಡಿದು ಮತ್ತೆ ಆ ಬಾಗಿಲಿಗೆ ಹೋದರೆ ತನ್ನ ಮೇಲಿನ ಮಾತು ತಪ್ಪಿಸಿಕೊಳ್ಳಲು ಬಂದಳೆನ್ನುತ್ತಾರೆ ಎಂದು ಸುಮ್ಮನಾದೆ.

ಎರಡು ವಾರದ ನಂತರ ಅವಳಪ್ಪನೇ ಆರೋಗ್ಯ ಕೇಂದ್ರಕ್ಕೆ ಬಂದರು. ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಬಡಿದು ಅಂಗೈ ಸೀಳಿತ್ತು. ಡಾಕ್ಟರು ಹೊಲಿಗೆ ಹಾಕಿ ನನ್ನ ಹತ್ತಿರ ಕಳಿಸಿದರು. ಅವರು ಎಂದಿನ ಅಭ್ಯಾಸದಂತೆ ಅಂಗಿಯ ತೋಳು ಮಡಚಿ, "ಟಿ.ಟಿ. ಕೊಟ್ಬಿಡಿ ಸಿಸ್ಟರ್," ಎಂದು ಕೂತರು. ಕಬ್ಬಿಣದ ಕೆಲಸದವರಿಗೆ ಅದೊಂದು ದೊಡ್ಡ ಸಂಗತಿಯಲ್ಲ.

ಕೊಟ್ಟುಬಿಡಬಹುದಿತ್ತು. ಆದರೆ ಬಾಟಲಿಯನ್ನು ಅವರ ಮುಂದೆ ಮೇಜಿನ ಮೇಲಿಟ್ಟೆ.

"ಈಗ ಟಿ.ಟಿ. ಅಂತ ಬೇರೆ ಬರಲ್ಲ. ಇದು ಟಿ.ಡಿ. ಶಾಲೆಯಲ್ಲಿ ಮಕ್ಕಳಿಗೆ ತಂದಿದ್ದೂ ಇದೇ. ನಿಮಗೆ ಹೇಳ್ದೆ ಕೊಡಬಾರದು ಅನ್ನಿಸ್ತು."

ಅವರು ಬಾಟಲಿ ಎತ್ತಿಕೊಂಡರು. ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಚೀಟಿಯ ಮೇಲಿನ ಅಕ್ಷರ ಬಹಳ ಸಣ್ಣವು.

"ಇದೇನಾ?"

"ಇದೇ. ಇನ್ನೊಂದು ವಿಷಯ. ನಿಮ್ಮ ಮಗಳಿಗೆ ಅವತ್ತು ನಾನು ಕೊಟ್ಟೇ ಇಲ್ಲ." ರಿಜಿಸ್ಟರ್ ತೆರೆದು ಅವಳ ಹೆಸರು ತೋರಿಸಿದೆ. "ಕೊಡೋ ಮೊದಲೇ ಬಿದ್ದಳು. ಅವಳು ತಿಂಡಿ ತಿಂದಿರ್ಲಿಲ್ಲ, ನಾನು ಕೇಳ್ಲಿಲ್ಲ. ಬಿಸಿಲಿಂದ ಬಂದವರನ್ನ ಹಾಗೇ ನಿಲ್ಲಿಸಿದೆ. ಅದು ನನ್ನ ತಪ್ಪು."

ಅವರು ಬಾಟಲಿ ಕೆಳಗಿಟ್ಟು ಅವಳ ಹೆಸರಿನ ಸಾಲು ಓದಿದರು. ಕೊನೆಗೆ, "ಅವಳು ಹೇಳಿದ್ಲು. ನಾವೇ ನಂಬ್ಲಿಲ್ಲ," ಎಂದರು. ತೋಳು ಮುಂದೆ ಮಾಡಿದರು. ಕೊಟ್ಟೆ. ಅರ್ಧ ಗಂಟೆ ಹೊರಗಿನ ಬೆಂಚಿನಲ್ಲಿ ಕೂರಿ ಎಂದಾಗ ನಿಜಕ್ಕೂ ಗಡಿಯಾರ ನೋಡಿಕೊಂಡು ಕೂತರು.

ಮುಂದಿನ ತಿಂಗಳು ಹೆಡ್ ಮೇಡಂ ಪೋಷಕರ ಸಭೆ ಕರೆದರು. ಲಸಿಕೆಯ ವಿಷಯ ಎಂದು ಚೀಟಿಯಲ್ಲಿ ಬರೆದರೆ ಯಾರೂ ಬರುವುದಿಲ್ಲವೆಂದು ಪರೀಕ್ಷೆಯ ವಿಷಯವನ್ನೂ ಸೇರಿಸಿದ್ದರು. ನಾನು ಮೊದಲು ಮಾತಾಡಿದೆ. ಗಂಟಲುಮಾರಿ ಎಂದರೇನು, ಚಿಕ್ಕಂದಿನ ಲಸಿಕೆಯ ಬಲ ವರ್ಷಗಳ ಮೇಲೆ ಹೇಗೆ ಕುಂದುತ್ತದೆ, ಎಲ್ಲ ಹೇಳಿದೆ. ತಾಯಂದಿರು ಸೆರಗಿನ ಅಂಚು ನೋಡಿಕೊಂಡು ಕೂತಿದ್ದರು. ಆಗ ಹಿಂದಿನ ಸಾಲಿನಲ್ಲಿ ಆ ಹುಡುಗಿಯ ಅಪ್ಪ ಎದ್ದು ನಿಂತರು. ನಾನು ಅವರಿಗೆ ಹೇಳಿಕಳಿಸಿರಲಿಲ್ಲ. ಅಂಗೈಗೆ ಇನ್ನೂ ಪಟ್ಟಿಯಿತ್ತು.

"ಮೊದ್ಲು ಬಿದ್ದಿದ್ದು ನನ್ ಮಗಳು," ಎಂದರು. "ಅವಳಿಗೆ ಸೂಜಿ ಚುಚ್ಚೇ ಇರ್ಲಿಲ್ಲ. ನಾನು ಪುಸ್ತಕ ನೋಡಿದೀನಿ. ಈ ಸಿಸ್ಟರ್ ತಪ್ಪು ಮಾಡಿದ್ರು. ಮಕ್ಕಳನ್ನ ಹಸಿದ ಹೊಟ್ಟೇಲಿ ನಿಲ್ಲಿಸಿದ್ರು, ನಮಗೆ ಸರಿಯಾಗಿ ಹೇಳ್ಲಿಲ್ಲ. ಅದಕ್ಕೆ ನಂಗೆ ಈಗ್ಲೂ ಸಿಟ್ಟಿದೆ. ಆದ್ರೆ ಮದ್ದು ತಪ್ಪಲ್ಲ. ಅದೇ ಮದ್ದು ನಂಗೂ ಕೊಟ್ಟಿದಾರೆ, ನೋಡಿ, ನಿಂತಿದೀನಿ."

ಕೂತುಬಿಟ್ಟರು. ಹೆಡ್ ಮೇಡಂ ನನ್ನ ಮುಖ ನೋಡಿದರು. ನಾನು ಎದ್ದು, "ಅವರು ಹೇಳಿದ್ದು ನಿಜ," ಎಂದೆ. ಆಮೇಲೆ ಒಬ್ಬ ತಾಯಿ ಕೈಯೆತ್ತಿ, ಮುಟ್ಟಾದ ದಿನ ಹಾಕಿಸಬಹುದೇ ಎಂದು ಕೇಳಿದರು. ಹಾಕಿಸಬಹುದು ಎಂದೆ. ಇನ್ನೊಬ್ಬರು ಜ್ವರ ಬಂದರೆ ಏನು ಕೊಡಬೇಕೆಂದು ಕೇಳಿದರು. ಆಶಾ ಅಕ್ಕನ ಓಣಿಯ ಅಜ್ಜಿಯೂ ಮೊಮ್ಮಗಳ ಜೊತೆ ಬಂದಿದ್ದರು. ಅವರು ತಮಿಳಿನಲ್ಲಿ ಕೇಳಿದ್ದನ್ನು ಆಶಾ ಅಕ್ಕ ಕನ್ನಡಕ್ಕೆ ತಂದರು, ಮಕ್ಕಳಾಗುವ ಅದೇ ಪ್ರಶ್ನೆ. ಬಸುರಿಯರಿಗೇ ಇದನ್ನು ಕೊಡುತ್ತೇವೆ ಅಜ್ಜಿ, ತಾಯಿಗೂ ಕೂಸಿಗೂ ಒಳ್ಳೆಯದಾಗಲಿ ಅಂತ, ಎಂದೆ. ಅಜ್ಜಿ ಸೊಸೆಯ ಕಡೆ ತಿರುಗಿದರು. ಸೊಸೆ ಹೌದೆಂದು ತಲೆಯಾಡಿಸಿದಳು. ಸಭೆ ಮುಗಿಯುವಷ್ಟರಲ್ಲಿ ಪರೀಕ್ಷೆಯ ವಿಷಯ ಮಾತಾಡಲು ಸಮಯವೇ ಉಳಿಯಲಿಲ್ಲ.

ಎರಡನೇ ಸಲ ಹೋದಾಗ ಬಿಸಿಯೂಟ ಮುಗಿಯುವವರೆಗೆ ಕಾದೆವು. ಲೈಬ್ರರಿ ಕೋಣೆಯ ಕಿಟಕಿಗೆ ಪರದೆ ಕಟ್ಟಿಸಿದೆ. ಗೆಳತಿಯರು ಇಬ್ಬಿಬ್ಬರಾಗಿ ಒಳಗೆ ಬರಬೇಕು, ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಿ ಪಕ್ಕದ ಕೋಣೆಯಲ್ಲಿ ಕೂರಬೇಕು. ಹಿಂದಿನ ದಿನವೇ ಕ್ಲಾಸಿಗೆ ಹೋಗಿ ಸಿರಿಂಜು ತೋರಿಸಿ, ನೋಯುತ್ತದೆ, ಸ್ವಲ್ಪ ಹೊತ್ತು ತೋಳು ಜೋಮು ಹಿಡಿದಂತಿರುತ್ತದೆ ಎಂದು ಹೇಳಿದ್ದೆ. ನೋಯುವುದೇ ಇಲ್ಲ ಎಂದು ನಾನು ಆಮೇಲೆ ಯಾವ ಮಗುವಿಗೂ ಹೇಳಿದ್ದಿಲ್ಲ.

ಆ ಹುಡುಗಿ ಮಧ್ಯದಲ್ಲೆಲ್ಲೋ ಬಂದಳು. ಮುಖ ಬಿಳಿಚಿತ್ತು.

"ಮಲಗಿ ಹಾಕಿಸ್ಕೊಬಹುದಾ ಸಿಸ್ಟರ್?"

"ಮಲಗು, ಪರ್ವಾಗಿಲ್ಲ."

ಎರಡು ಬೆಂಚು ಜೋಡಿಸಿದೆವು. ಮಲಗಿ ಕಣ್ಣು ಮುಚ್ಚಿಕೊಂಡಳು. ಜೊತೆಗಿದ್ದ ಗೆಳತಿ, "ಈಗ ಬಿದ್ರೂ ದೂರ ಬೀಳಲ್ಲ ಬಿಡೇ," ಎಂದಳು. ಮಲಗಿದವಳಿಗೆ ನಗು ಬಂತು. ನಗುತ್ತಿರುವಾಗಲೇ ಕೊಟ್ಟೆ. ಅವತ್ತು ಯಾರೂ ಬೀಳಲಿಲ್ಲ. ಒಬ್ಬಳು ಮಾತ್ರ ಬಿಸಿಯೂಟದ್ದನ್ನು ವಾಂತಿ ಮಾಡಿಕೊಂಡಳು, ಅದಕ್ಕೂ ಲಸಿಕೆಗೂ ಸಂಬಂಧವಿಲ್ಲವೆಂದು ಅವಳ ತಾಯಿಗೆ ನಾನೇ ಫೋನು ಮಾಡಿ ಹೇಳಿದೆ. ಅವರು ನಂಬಿದರು.

ಅಲ್ಲಿಂದ ಮುಂದೆ ಸಹಿ ಹಾಕಿದ ಪತ್ರಗಳೇ ಹೆಚ್ಚು ಬರತೊಡಗಿದವು. ಬೇರೆ ಶಾಲೆಗಳಲ್ಲೂ ಮೊದಲು ಸಭೆ, ಆಮೇಲೆ ಲಸಿಕೆ ಎಂದು ಗೊತ್ತು ಮಾಡಿಕೊಂಡೆವು. ಆ ಹುಡುಗಿ ಪಿಯುಸಿಗೆ ಸೇರಿದಳೆಂದು ಆಶಾ ಅಕ್ಕ ಹೇಳಿದರು. ನನಗೆ ಶಿವಮೊಗ್ಗಕ್ಕೇ ವರ್ಗವಾಯಿತು. ಹೊಸದಾಗಿ ಬರುವ ಸಿಸ್ಟರುಗಳಿಗೆ ತರಬೇತಿ ಕೊಡುವಾಗ ನಾನು ವರದಿಯಲ್ಲಿ ಬಿಟ್ಟದ್ದನ್ನು ಸೇರಿಸಿ ಈ ಸಂಗತಿ ಹೇಳುತ್ತೇನೆ. ಕೆಲವರು ಬರೆದುಕೊಳ್ಳುತ್ತಾರೆ, ಕೆಲವರು ಊಟದ ಹೊತ್ತಾಯಿತೆಂದು ಗಡಿಯಾರ ನೋಡುತ್ತಾರೆ.

ಎಲ್ಲರೂ ಒಪ್ಪಿದರೆಂದಲ್ಲ. ಅವತ್ತು ಎರಡನೆಯವಳಾಗಿ ಗೋಡೆಗೊರಗಿ ಜಾರಿದ ಹುಡುಗಿಯ ಮನೆಯವರು ಕೊನೆವರೆಗೂ ಒಪ್ಪಲಿಲ್ಲ. ಅವಳ ತಂಗಿಗೆ ಈಗ ಹದಿನಾರು. ಆಶಾ ಅಕ್ಕ ಈಗಲೂ ಆ ಮನೆಗೆ ಹೋಗುತ್ತಾರೆ. ಮನೆಯವರು ಅವರನ್ನು ಒಳಗೆ ಕರೆದು ಕೂರಿಸಿ, ಊರಿನ ಮಾತೆಲ್ಲ ಆಡಿ, ಒಪ್ಪಿಗೆ ಪತ್ರವನ್ನು ಮಾತ್ರ ಸಹಿ ಹಾಕದೆ ಹಾಗೇ ಮಡಚಿ ಕೈಗೆ ಕೊಡುತ್ತಾರಂತೆ.