ದೂರದ ಕಂಬದ ಸಾಕ್ಷಿ

ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಇಸ್ತ್ರಿ ಅಕ್ಕ ಎಂದೇ. ದಿನವಿಡೀ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಾಳೆ, ಹಿಂದಿನ ಸಣ್ಣ ಕೋಣೆಯಲ್ಲಿ ಒಬ್ಬಳೇ ಉಂಡು ಮಲಗುತ್ತಾಳೆ. ತಾನಾಗಿ ರಜೆ ಕೇಳುವುದು ವರ್ಷಕ್ಕೆ ಒಂದೇ ದಿನ, ಪ್ರೌಢಶಾಲೆ ಹುಡುಗಿಯರ ಗುಡ್ಡಗಾಡು ಓಟದ ದಿನ.

ಐದು ಕಿಲೋಮೀಟರಿನ ಆ ಓಟದ ದಾಖಲೆ ಇಪ್ಪತ್ತೈದು ವರ್ಷದಿಂದ ಅವಳದೇ. ಹತ್ತೊಂಬತ್ತು ನಿಮಿಷ, ಎಂಟು ಸೆಕೆಂಡು. ಶಾಲೆಯ ಫಲಕದ ಮೇಲಿರುವುದು ಸಮಯ ಮತ್ತು ಇಸವಿ ಮಾತ್ರ. ಅಂದಿನ ಮೇಷ್ಟರುಗಳು ಯಾರೂ ಈಗಿಲ್ಲ. ಇವಳೂ ಬಾಯಿ ಬಿಟ್ಟಿಲ್ಲ. ಹೇಳಿದರೆ ಈಗಿನ ಸೊಂಟ ನೋಡಿ ನಕ್ಕಾರು. ಅತ್ತಿಗೆಯಂತೂ ಹಿಂದೆಯೇ ಮೂಗು ಮುರಿದಿದ್ದಳು: "ಓಡಿ ಓಡಿ ಕೊನೆಗೆ ಎಲ್ಲಿಗೆ ಬಂದೆ? ಇಸ್ತ್ರಿ ಪೆಟ್ಟಿಗೆ ಹತ್ರ ತಾನೇ?" ಆದರೂ ಹಬೆಯ ನಡುವೆ ಆ ಅಂಕಿ ನೆನಪಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ.

ಓಟದ ದಿನ ಜನವೆಲ್ಲ ಮೈದಾನದಲ್ಲಿದ್ದರೆ ಇವಳು ಗುಡ್ಡದಾಚೆ, ಅರ್ಧ ದಾರಿಯ ಕಂಬದ ಬಳಿ ಒಬ್ಬಳೇ. ಬೇರಾರಿಗೂ ಬೇಡದ ಆ ಕೆಲಸವನ್ನು ಇವಳೇ ಪ್ರತಿವರ್ಷ ಕೇಳಿ ಪಡೆಯುತ್ತಿದ್ದಳು. ಕಂಬ ಸುತ್ತಿದ ಪ್ರತಿ ಹುಡುಗಿಯ ಕೈಗೂ ಒಂದು ಕೆಂಪು ರಬ್ಬರ್ ಬ್ಯಾಂಡ್ ಕೊಡಬೇಕು. ಅದಿಲ್ಲದೆ ಬಂದವಳು ಅಡ್ಡದಾರಿ ಹಿಡಿದಳೆಂದೇ ಅರ್ಥ.

ಈಚಿನ ವರ್ಷಗಳಲ್ಲಿ ಹನ್ನೊಂದು ನಿಮಿಷಕ್ಕೆ ಮುಂಚೆ ಯಾರೂ ಕಂಬ ಮುಟ್ಟಿರಲಿಲ್ಲ. ಹಾಗಾಗಿ ಈ ಸಲ ಒಂಬತ್ತು ನಿಮಿಷ ದಾಟಿದರೂ ಅವಳು ಬ್ಯಾಂಡುಗಳ ಸಿಕ್ಕು ಬಿಡಿಸುತ್ತ ಕೂತಿದ್ದಳು. ಹೆಜ್ಜೆ ಸದ್ದಾಯಿತು. ಕತ್ತೆತ್ತಿದರೆ ಸಣಕಲು ಹುಡುಗಿಯೊಬ್ಬಳು ಕಂಬ ಸುತ್ತಿಕೊಂಡು, ಕೈ ಚಾಚಿ ಬರುತ್ತಿದ್ದಾಳೆ! ಒಂದು ಬ್ಯಾಂಡೂ ಬಿಡಿಯಾಗಿ ಬರಲೊಲ್ಲದು. ಹುಡುಗಿಯ ಓಟ ನಿಧಾನವಾಯಿತು. ಅಂಥ ಓಟವನ್ನು ನಿಲ್ಲಿಸಲು ಇಸ್ತ್ರಿ ಅಕ್ಕನಿಗೆ ಮನಸ್ಸೇ ಬರಲಿಲ್ಲ.

"ನಿಲ್ಲಬೇಡ, ಹೋಗು! ಅಲ್ಲಿ ನಾನು ಹೇಳ್ತೀನಿ, ಹೋಗು!"

ಎರಡನೆಯವಳು ಬಂದದ್ದು ಎರಡೂವರೆ ನಿಮಿಷದ ಮೇಲೆ.

ಕೊನೆಯ ಹುಡುಗಿಯನ್ನೂ ಕಳಿಸಿ ಅವಳು ಮೈದಾನಕ್ಕೆ ಬಂದಾಗ ಸಣಕಲು ಹುಡುಗಿ ವೇದಿಕೆಯ ಮೆಟ್ಟಿಲ ಮೇಲೆ ಒಬ್ಬಳೇ ಅಳುತ್ತ ಕೂತಿದ್ದಳು. ಹದಿನೆಂಟು ನಿಮಿಷ ನಲವತ್ತೊಂದು ಸೆಕೆಂಡು. ಆದರೆ ಕೈಯಲ್ಲಿ ಬ್ಯಾಂಡ್ ಇಲ್ಲ. ಇಸ್ತ್ರಿ ಅಕ್ಕ ನಡೆದದ್ದನ್ನು ಹೇಳಿದಳು. ಮುಖ್ಯ ತೀರ್ಪುಗಾರರು ಕನ್ನಡಕ ಏರಿಸಿಕೊಂಡರು.

"ನೀವು ತೂಕಡಿಸ್ತಾ ಇದ್ರೋ ಏನೋ, ಯಾರಿಗೆ ಗೊತ್ತಮ್ಮಾ? ಇಪ್ಪತ್ತೈದು ವರ್ಷದ ದಾಖಲೆ ಇದು. ಬಟ್ಟೆ ಇಸ್ತ್ರಿ ಮಾಡೋರ ಮಾತು ಕೇಳಿ ಅಳಿಸೋಕಾಗುತ್ತಾ? ಅದರ ಬೆಲೆ ನಿಮಗೇನು ಗೊತ್ತು?"

ಸುಮ್ಮನಿದ್ದುಬಿಟ್ಟರೆ ಅಂಕಿ ಫಲಕದ ಮೇಲೆ ಹಾಗೇ ಉಳಿಯುತ್ತದೆ, ತಪ್ಪು ಇವಳ ತಲೆಗೂ ಬರುವುದಿಲ್ಲ. ಆಸೆಯಾಯಿತು, ಸುಳ್ಳೇಕೆ. ಹುಡುಗಿ ಅಳು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದಳು.

"ಗೊತ್ತು ಸಾರ್. ಆ ದಾಖಲೆ ನಂದೇ."

ಹಳೆಯ ರಿಜಿಸ್ಟರ್ ತರಿಸಿ ಹೆಸರು, ಸಹಿ ತಾಳೆ ನೋಡಿದರು. ತನ್ನ ದಾಖಲೆಯನ್ನು ತಾನೇ ಕಳೆದುಕೊಳ್ಳಲು ಸುಳ್ಳು ಹೇಳುವ ಹುಚ್ಚಿ ಯಾರಿದ್ದಾಳು? ಹತ್ತೇ ನಿಮಿಷದಲ್ಲಿ ಹುಡುಗಿಯ ಹೆಸರು ಮೈಕಿನಲ್ಲಿ ಬಂತು. ಚಪ್ಪಾಳೆ ಬಿತ್ತು. ಹಿಂದಿನ ದಾಖಲೆ ಯಾರದೆಂದು ಮೈಕಿನವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಇಸ್ತ್ರಿ ಅಕ್ಕ ಉಳಿದ ಬ್ಯಾಂಡುಗಳನ್ನು ಮೇಜಿನ ಮೇಲಿಟ್ಟಳು. ಗೇಟಿನ ಕಡೆ ನಡೆದಳು.

ಹಿಂದಿನಿಂದ ಹುಡುಗಿ ಓಡಿ ಬಂದಳು. "ಅಕ್ಕಾ, ನೀವು ಓಡುವಾಗ ಅಕ್ಕಪಕ್ಕ ಯಾರಾದ್ರೂ ಇರ್ತಿದ್ರಾ?"

"ಮೊದಲ ಒಂದು ಕಿಲೋಮೀಟರ್ ಇರ್ತಿದ್ರು."

"ನಂಗೆ ಗುಡ್ಡದ ಹತ್ರ ಭಯ ಆಯ್ತು. ಹಿಂದೆ ತಿರುಗಿದ್ರೆ ಒಂದು ನರಪಿಳ್ಳೆ ಇಲ್ಲ." ಹುಡುಗಿ ಮೂಗು ಒರೆಸಿಕೊಂಡಳು. "ಆಮೇಲಾಮೇಲೆ ಅಭ್ಯಾಸ ಆಗುತ್ತಾ?"

ಆಗುತ್ತೆ ಎನ್ನಲು ಇಸ್ತ್ರಿ ಅಕ್ಕ ಬಾಯಿ ತೆರೆದಳು. ಇಷ್ಟೆಲ್ಲ ಆದಮೇಲೆ ಈ ಹುಡುಗಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲಮ್ಮಾ," ಎಂದಳು. "ಆಗಲ್ಲ."